ಆಕರಗಳ ಕೂಡುಭಂಡಾರ: ನೆಟ್‌ವರ್ಕ್ ಸಂಗ್ರಹದ ಆಯ್ಕೆಯನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

1. ಸಮಸ್ಯೆಯ ಸ್ವರೂಪ

ಚರಿತ್ರಕಾರನಿಗೆ ಆಕರಗಳೇ ಮೂಲಧನವೆಂಬುದು ಸರ್ವವಿದಿತ. ಆಕರಗಳನ್ನು ಅರಸುವ, ಓದುವ ಮತ್ತು ಪರೀಕ್ಷಿಸುವ ಕ್ರಮಗಳನ್ನು ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿಯುತ್ತಾರೆ. ಆದರೆ ಹೀಗೆ ದೊರೆತುದನ್ನು ಎಲ್ಲಿ ಇಡಬೇಕು, ಯಾವ ಕ್ರಮದಲ್ಲಿ ಇಡಬೇಕು, ಯಾರ ಹೊಣೆಯಲ್ಲಿ ಇಡಬೇಕು ಎಂಬ ವಿಷಯ ಪಾಠಪಟ್ಟಿಯಲ್ಲಿ ವಿರಳವಾಗಿಯೇ ಕಾಣಿಸಿಕೊಳ್ಳುತ್ತದೆ. ಪಡಿಯಚ್ಚಿನ ಕಟ್ಟುಗಳೂ ಟಿಪ್ಪಣಿ ಪುಸ್ತಕಗಳೂ ವಿಭಾಗದ ಬೀರುವಿನಲ್ಲಿ ಇರುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಅಷ್ಟು ತೀವ್ರವಾಗಿರಲಿಲ್ಲ. ಬೀರು ಒಂದೇ; ಅದರ ಬೀಗದ ಕೈ ಯಾರಲ್ಲಿದೆಯೆಂಬುದು ಎಲ್ಲರಿಗೂ ಗೊತ್ತಿತ್ತು. ಇಂದಿನ ಸ್ಥಿತಿ ಬೇರೆ. ಶಾಸನಗಳ ಛಾಯಾಚಿತ್ರ, ಹಿರಿಯರ ಮಾತುಗಳ ಧ್ವನಿಮುದ್ರಣ, ಜಾತ್ರೆ ಉತ್ಸವಗಳ ವಿಡಿಯೊ, ಓಲೆಗರಿಗಳ ಪ್ರತಿಬಿಂಬ ಇವೆಲ್ಲವೂ ಅಂಕರೂಪದಲ್ಲಿದ್ದು, ಐದಾರು ಮಂದಿ ಅಧ್ಯಾಪಕರ ಲ್ಯಾಪ್‌ಟಾಪುಗಳಲ್ಲಿಯೂ ಹಾರ್ಡ್ ಡಿಸ್ಕುಗಳಲ್ಲಿಯೂ ಮೊಬೈಲುಗಳಲ್ಲಿಯೂ ಹಂಚಿಹೋಗಿರುತ್ತವೆ. ಯಾವುದು ಎಲ್ಲಿದೆಯೆಂದು ಅವರಲ್ಲಿ ಯಾರೊಬ್ಬರೂ ಪೂರ್ಣವಾಗಿ ಹೇಳಲಾರರು.

ನಮ್ಮ ಅನುಭವಕ್ಕೆ ಬಂದ ಒಂದು ಪ್ರಸಂಗವನ್ನು ಇಲ್ಲಿ ನಿವೇದಿಸುವುದು ಉಚಿತ. ಹಲವು ವರ್ಷ ಕ್ಷೇತ್ರಕಾರ್ಯ ನಡೆಸಿ ನಿವೃತ್ತರಾದ ಹಿರಿಯ ಅಧ್ಯಾಪಕರೊಬ್ಬರು ತಮ್ಮಲ್ಲಿದ್ದ ಒಂದು ಹಾರ್ಡ್ ಡಿಸ್ಕನ್ನು ವಿಭಾಗಕ್ಕೆ ಒಪ್ಪಿಸಿದರು. ಅದರಲ್ಲಿ ವೀರಗಲ್ಲೊಂದರ ಎಂಟು ಚಿತ್ರಗಳಿದ್ದುವು. ಮೂರು ಪಟ್ಟಿಕೆಗಳ ಕಲ್ಲು; ಪಟ್ಟಿಕೆಗಳ ನಡುವೆ ಐದು ಸಾಲು ಬರಹ; ಮೂರು ಸಾಲುಗಳನ್ನಾದರೂ ಸ್ಪಷ್ಟವಾಗಿ ಓದಬಹುದಾಗಿತ್ತು. ಆದರೆ ಕಡತಗಳಿಗೆ ಕ್ಯಾಮೆರಾ ತಾನಾಗಿ ಕೊಟ್ಟ ಅಂಕೆಗಳ ಹೊರತು ಬೇರೆ ಹೆಸರಿರಲಿಲ್ಲ. ಊರು ಯಾವುದೆಂದು ಕೇಳಲು, ರಸ್ತೆಯನ್ನು ಅಗಲಮಾಡುವ ಮುಂಚೆ ತೆಗೆದ ಚಿತ್ರಗಳಿವು, ಈಗ ಆ ಕಲ್ಲು ಅಲ್ಲಿರಲಾರದು ಎಂದಷ್ಟೇ ಅವರು ನೆನಪಿಸಿಕೊಂಡರು. ಕ್ಯಾಮೆರಾದ ಗಡಿಯಾರ ಸರಿಯಿಲ್ಲದುದರಿಂದ ಚಿತ್ರದೊಳಗೆ ದಾಖಲಾಗಿದ್ದ ದಿನಾಂಕವೂ ನಂಬತಕ್ಕುದಾಗಿರಲಿಲ್ಲ. ಹೀಗೆ ಚಿತ್ರವು ಕೈಯಲ್ಲಿದ್ದೂ ಅದನ್ನು ಆಕರವೆಂದು ಬಳಸಲು ಸಾಧ್ಯವಾಗಲಿಲ್ಲ. ಸ್ಥಳ ತಿಳಿಯದ ಶಾಸನದಿಂದ ಯಾವ ಸೀಮೆಯ ಚರಿತ್ರೆಯನ್ನೂ ಬರೆಯಲಾಗದು.

ಈ ಘಟನೆಯಾದ ಮೇಲೆ ನಮ್ಮ ವಿಭಾಗವು ಎಲ್ಲರೂ ಬಳಸಬಹುದಾದ ಒಂದು ನೆಟ್‌ವರ್ಕ್ ಸಂಗ್ರಹವನ್ನು ಹೊಂದಬೇಕೆಂದು ನಿಶ್ಚಯಿಸಿತು. ಯಾವ ಯಂತ್ರವನ್ನು ಕೊಳ್ಳಬೇಕೆಂಬ ಚರ್ಚೆಯೇ ಮೊದಲು ನಡೆಯಿತು. ಅದು ಎರಡನೆಯ ಪ್ರಶ್ನೆಯೆಂಬುದು ನಮಗೆ ತಡವಾಗಿ ತಿಳಿಯಿತು. ಭಂಡಾರವು ಬಾಳುವುದು ಮೂರು ಸಂಗತಿಗಳಿಂದ: ಪ್ರತಿಗಳ ಸಂಖ್ಯೆ, ವಸ್ತುವಿಗೆ ಕೊಟ್ಟ ಹೆಸರು, ಪಾಲಕನ ಹೊಣೆ. ಈ ಮೂರನ್ನು ನಿಶ್ಚಯಿಸಿಕೊಂಡವನಿಗೆ ಯಂತ್ರದ ಆಯ್ಕೆ ಸುಲಭ. ನಿಶ್ಚಯಿಸದವನಿಗೆ ಎಂತಹ ಯಂತ್ರವೂ ನೆರವಾಗದು. ಪೂರ್ವಕಾಲದ ಭಂಡಾರಗಳ ವೃತ್ತಾಂತದಿಂದಲೂ ಈ ಯಂತ್ರಗಳ ಚರಿತ್ರೆಯಿಂದಲೂ ಇದನ್ನು ಸ್ಥಾಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪೂರ್ವಕಾಲದ ಭಂಡಾರಗಳು

ಮೊದಲು ಪ್ರತಿಗಳ ವಿಚಾರ. ಕ್ರಿ. ಶ. ಹತ್ತನೆಯ ಶತಮಾನದ ಅಂತ್ಯದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಇದನ್ನು ಸಾಮಾನ್ಯವಾಗಿ ದಾನಧರ್ಮದ ದೃಷ್ಟಾಂತವಾಗಿ ಉದಾಹರಿಸುವುದು ವಾಡಿಕೆ. ಗ್ರಂಥರಕ್ಷಣೆಯ ದೃಷ್ಟಿಯಿಂದಲೂ ಇದು ಗಮನಾರ್ಹ. ಓಲೆಗರಿಗೆ ಗೆದ್ದಲು, ಬೆಂಕಿ, ತೇವ ಇವು ಸಹಜ ಶತ್ರುಗಳು. ಒಂದು ಕಟ್ಟನ್ನು ಎಷ್ಟು ಜಾಗರೂಕತೆಯಿಂದ ಕಾಪಾಡಿದರೂ ಅದರ ಆಯುಸ್ಸಿಗೆ ಮಿತಿಯುಂಟು. ಬೇರೆ ಬೇರೆ ಊರುಗಳಲ್ಲಿರುವ ಅನೇಕ ಪ್ರತಿಗಳು ಒಂದೇ ಕಾಲದಲ್ಲಿ ನಾಶವಾಗುವ ಸಂಭವ ಅತ್ಯಲ್ಪ.

ಇದಕ್ಕೆ ಪ್ರತಿಯಾದ ನಿದರ್ಶನ ಮೂಡುಬಿದಿರೆಯದು. ಷಟ್ಖಂಡಾಗಮ ಮತ್ತು ಅದರ ಧವಳಾ ಟೀಕೆ ಮೊದಲಾದ ಪ್ರಾಕೃತ ಸಿದ್ಧಾಂತಗ್ರಂಥಗಳು ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದುವು. ಬೇರೆಲ್ಲಿಯೂ ಅವುಗಳ ಪ್ರತಿಗಳು ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ನಕಲಿನ ಕಾರ್ಯ ಮೊದಲಾಯಿತು. 1939ರಿಂದ ಅವು ಮುದ್ರಣಗೊಂಡು ವಿದ್ವತ್ಪ್ರಪಂಚಕ್ಕೆ ದೊರೆತುವು. ಅಷ್ಟು ದೀರ್ಘಕಾಲ ಅವನ್ನು ಕಾಪಾಡಿದ ಶ್ರದ್ಧೆ ಸ್ತುತ್ಯರ್ಹವೇ ಸರಿ. ಆದರೆ ಆ ಅವಧಿಯಲ್ಲಿ ಒಂದು ಅಗ್ನಿಪ್ರಮಾದ ಸಂಭವಿಸಿದ್ದರೆ ಆ ಸಾಹಿತ್ಯದ ಗತಿಯೇನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ ಸತಿ ಸುಲೋಚನಾ 1934ರಲ್ಲಿ ತೆರೆಕಂಡಿತು. ಅದರ ಪ್ರತಿ ಇಂದು ಉಪಲಬ್ಧವಿಲ್ಲ. ಸಾವಿರ ವರ್ಷದ ಹಿಂದಿನ ಶಾಂತಿಪುರಾಣ ಉಳಿದು, ಒಂದು ಶತಮಾನವೂ ತುಂಬದ ಕೃತಿಯೊಂದು ಅಳಿದುದು ಆಧುನಿಕ ಮಾಧ್ಯಮಗಳ ಮೇಲಣ ನಮ್ಮ ಅತಿ ವಿಶ್ವಾಸವನ್ನು ತಗ್ಗಿಸತಕ್ಕದ್ದು.

ಎರಡನೆಯದು ಹೆಸರಿನ ವಿಚಾರ. ಬಿ. ಎಲ್. ರೈಸರು 1886ರಿಂದ 1905ರವರೆಗೆ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು ಪ್ರಕಟಿಸಿದರು. ಸಾವಿರಾರು ಶಾಸನಗಳನ್ನು ಜೋಡಿಸಲು ಅವರು ಅವಲಂಬಿಸಿದ ಕ್ರಮ ಅತ್ಯಂತ ಸರಳವಾದುದು: ಜಿಲ್ಲೆಗೆ ಸಂಪುಟ, ತಾಲ್ಲೂಕಿಗೆ ಎರಡಕ್ಷರದ ಸಂಕೇತ, ಶಾಸನಕ್ಕೆ ಒಂದು ಸಂಖ್ಯೆ. ಶಿಕಾರಿಪುರಕ್ಕೆ ಎಸ್‌ಕೆ, ಸೊರಬಕ್ಕೆ ಎಸ್‌ಬಿ ಎಂಬ ರೀತಿಯ ಆ ಸಂಕೇತಗಳನ್ನು ಇಂದಿಗೂ ಸಂಶೋಧಕರು ತಮ್ಮ ಅಡಿಟಿಪ್ಪಣಿಗಳಲ್ಲಿ ಬಳಸುತ್ತಾರೆ. ಕಾಲಾನುಕ್ರಮದಲ್ಲಿಯೋ ರಾಜವಂಶಾನುಕ್ರಮದಲ್ಲಿಯೋ ಅವರು ಸಂಖ್ಯೆಗಳನ್ನು ಕೊಟ್ಟಿದ್ದರೆ, ಒಂದು ಶಾಸನದ ಕಾಲನಿರ್ಣಯ ಬದಲಾದಾಗಲೆಲ್ಲ ಸಂಖ್ಯೆಯನ್ನೂ ಬದಲಾಯಿಸಬೇಕಾಗುತ್ತಿತ್ತು. ಕಲ್ಲು ನಿಂತ ಸ್ಥಳವಾದರೋ ವಿದ್ವಾಂಸರ ಅಭಿಪ್ರಾಯವನ್ನು ಅನುಸರಿಸಿ ಬದಲಾಗತಕ್ಕದ್ದಲ್ಲ.

ಈ ವಿಷಯದಲ್ಲಿ ಶ್ರವಣಬೆಳಗೊಳದ ಸಂಪುಟವೂ ಒಂದು ಪಾಠವನ್ನು ಕಲಿಸುತ್ತದೆ. 1889ರ ರೈಸರ ಆವೃತ್ತಿಯಲ್ಲಿ 144 ಶಾಸನಗಳಿದ್ದುವು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅವು 500ಕ್ಕೆ ಏರಿದುವು. ಸಂಖ್ಯೆಗಳನ್ನು ಹೊಸದಾಗಿ ಕೊಡುವುದು ಅನಿವಾರ್ಯವಾಯಿತು. ಆದರೆ ಆಚಾರ್ಯರು ಹಳೆಯ ಸಂಖ್ಯೆಗಳನ್ನು ತೊಡೆದುಹಾಕದೆ ಹೊಸದರ ಪಕ್ಕದಲ್ಲಿ ಉಳಿಸಿಕೊಂಡರು. ಆದುದರಿಂದ 1889ರ ಸಂಪುಟವನ್ನು ನೋಡಿ ಬರೆದ ಲೇಖನವನ್ನು ಓದುವವನು ದಾರಿತಪ್ಪುವುದಿಲ್ಲ.

ಮೂರನೆಯದು ಹೊಣೆಯ ವಿಚಾರ. ಓಲೆಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಬರೆದು ಮುಗಿಸಿದ ತಿಥಿ, ಬರೆಯಿಸಿದವರ ಹೆಸರು ಇವನ್ನು ದಾಖಲಿಸುವುದುಂಟು. ಮೂವತ್ತೆರಡು ಅಕ್ಷರಗಳನ್ನು ಒಂದು ಗ್ರಂಥವೆಂದು ಎಣಿಸಿ ಒಟ್ಟು ಗ್ರಂಥಸಂಖ್ಯೆಯನ್ನು ನಮೂದಿಸುವ ಪದ್ಧತಿಯೂ ಇತ್ತು. ಮುಂದೆ ನಕಲು ಮಾಡುವವನು ಎಣಿಸಿನೋಡಿ, ಭಾಗವೇನಾದರೂ ಬಿಟ್ಟುಹೋಗಿದೆಯೇ ಎಂಬುದನ್ನು ಪರೀಕ್ಷಿಸಬಹುದಾಗಿತ್ತು. ಇದೇ ಉಪಾಯವು ಬೇರೊಂದು ರೂಪದಲ್ಲಿ ಇಂದಿನ ಯಂತ್ರಗಳಲ್ಲಿಯೂ ಇರುವುದನ್ನು ಮುಂದೆ ಕಾಣುತ್ತೇವೆ.

3. ಯಂತ್ರದ ಚರಿತ್ರೆ

ತಿರುಗುವ ತಟ್ಟೆಗಳ ಮೇಲೆ ಅಂಕಗಳನ್ನು ಬರೆದಿಡುವ ಮೊದಲ ವಾಣಿಜ್ಯ ಯಂತ್ರವನ್ನು ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದಿತು. ರಾಮ್ಯಾಕ್ ಎಂಬ ಆ ಯಂತ್ರದ ಸಂಗ್ರಹಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು. ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇಂದಿನ ಉತ್ತಮ ಕ್ಯಾಮೆರಾದ ಒಂದೇ ಒಂದು ಛಾಯಾಚಿತ್ರವನ್ನು ಇಡಲು ಅಂತಹ ಘಟಕಗಳು ಸುಮಾರು ಎಂಟು ಬೇಕಾಗುತ್ತವೆ.

ಸಂಗ್ರಹವನ್ನು ಅನೇಕರು ಹಂಚಿಕೊಳ್ಳಬೇಕಾದರೆ ಗಣಕಗಳ ನಡುವೆ ಸಂಪರ್ಕ ಬೇಕು. ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ರೂಪಿಸಿದ ಈಥರ್‌ನೆಟ್ ವಿಧಾನವು ಒಂದು ಕಟ್ಟಡದೊಳಗಿನ ಗಣಕಗಳನ್ನು ಜೋಡಿಸುವ ಮಾರ್ಗವನ್ನು ತೋರಿಸಿತು. ದೂರದ ಯಂತ್ರದಲ್ಲಿರುವ ಕಡತವನ್ನು ತನ್ನದೇ ಯಂತ್ರದಲ್ಲಿರುವಂತೆ ತೆರೆದು ಓದುವ ಒಡಂಬಡಿಕೆಗಳು ಇದರ ಬೆನ್ನಿಗೇ ಬಂದುವು. 1983ರಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗನ್‌ಬಾಮ್ ಎಸ್‌ಎಂಬಿ ಎಂಬುದನ್ನೂ, 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಎನ್‌ಎಫ್‌ಎಸ್ ಎಂಬುದನ್ನೂ ರೂಪಿಸಿದುವು. ಮೊದಲನೆಯದನ್ನು ವಿಂಡೋಸ್ ಗಣಕಗಳೂ, ಎರಡನೆಯದನ್ನು ಯುನಿಕ್ಸ್ ಗಣಕಗಳೂ ಬಳಸುತ್ತಿದ್ದುವು. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಹೊರತಂದು, ಮುಂದೆ ಸಾಂಬಾ ಎಂದು ಹೆಸರಾದ ಉಚಿತ ತಂತ್ರಾಂಶವು ಈ ಎರಡು ಕುಲಗಳ ನಡುವೆ ಸೇತುವೆಯಾಯಿತು. ಇಂದು ಅಂಗಡಿಯಲ್ಲಿ ನಾಸ್ ಎಂಬ ಹೆಸರಿನಿಂದ ಮಾರಾಟವಾಗುವ ಪೆಟ್ಟಿಗೆಯು ವಾಸ್ತವವಾಗಿ ಡಿಸ್ಕುಗಳನ್ನುಳ್ಳ ಒಂದು ಸಣ್ಣ ಗಣಕ. ಬಳಸುವವರ ಗಣಕ ಯಾವ ಜಾತಿಯದಾದರೂ ಅದು ಈ ಒಡಂಬಡಿಕೆಗಳ ಮೂಲಕ ಕಡತಗಳನ್ನು ಒದಗಿಸುತ್ತದೆ.

ಡಿಸ್ಕು ಕೆಡುವ ವಸ್ತು. ಇದಕ್ಕೆ ಪರಿಹಾರವನ್ನು 1988ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಎಂಬ ಮೂವರು ತಮ್ಮ ಪ್ರಬಂಧವೊಂದರಲ್ಲಿ ಪ್ರತಿಪಾದಿಸಿದರು. ಬೆಲೆಬಾಳುವ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಸೇರಿಸಿ, ಒಂದು ಕೆಟ್ಟರೂ ಉಳಿದವು ಕೆಲಸ ನಡೆಸುವಂತೆ ಮಾಡಬಹುದೆಂಬುದು ಅವರ ವಾದ. ರೇಡ್ ಎಂದು ಪ್ರಸಿದ್ಧವಾದ ಈ ವಿಧಾನದಲ್ಲಿ ಹಲವು ಬಗೆಗಳುಂಟು. ಎರಡು ಡಿಸ್ಕುಗಳಲ್ಲಿ ಒಂದೇ ವಿಷಯವನ್ನು ಬರೆಯುವುದು ಕನ್ನಡಿಯ ಬಗೆ. ಮೂರು ಅಥವಾ ಹೆಚ್ಚು ಡಿಸ್ಕುಗಳಲ್ಲಿ ವಿಷಯವನ್ನೂ ಅದರ ಮೊತ್ತವನ್ನೂ ಹಂಚಿಡುವುದು ಮತ್ತೊಂದು ಬಗೆ. 7, 5 ಮತ್ತು ಅವುಗಳ ಮೊತ್ತ 12 ಎಂಬ ಮೂರನ್ನು ಮೂರು ಕಡೆ ಬರೆದಿಟ್ಟರೆ, ಅವುಗಳಲ್ಲಿ ಯಾವ ಒಂದು ಕಳೆದುಹೋದರೂ ಉಳಿದೆರಡರಿಂದ ಅದನ್ನು ಲೆಕ್ಕಹಾಕಿ ಪಡೆಯಬಹುದಷ್ಟೆ. ಈ ಎರಡನೆಯ ಬಗೆಯ ತತ್ತ್ವವೂ ಅದೇ.

ಕೆಡದ ಡಿಸ್ಕಿನಲ್ಲಿಯೂ ಕೆಲವು ಅಂಕಗಳು ಯಾರಿಗೂ ತಿಳಿಯದಂತೆ ಬದಲಾಗುವುದುಂಟು. ಸನ್ ಸಂಸ್ಥೆಯವರು 2005ರಲ್ಲಿ ಬಹಿರಂಗಪಡಿಸಿದ ಜಡ್‌ಎಫ್‌ಎಸ್ ಎಂಬ ವ್ಯವಸ್ಥೆಯು ಪ್ರತಿಯೊಂದು ಖಂಡಕ್ಕೂ ಒಂದು ತಾಳೆಸಂಖ್ಯೆಯನ್ನು ಲೆಕ್ಕಮಾಡಿ ಬರೆದಿಟ್ಟು, ಓದುವಾಗಲೆಲ್ಲ ಅದನ್ನು ಸರಿನೋಡುತ್ತದೆ. ಇದು ಲಿಪಿಕಾರನ ಗ್ರಂಥಸಂಖ್ಯೆಯ ಸೂಕ್ಷ್ಮ ರೂಪವೆಂದರೆ ತಪ್ಪಾಗಲಾರದು.

4. ನಾಶದ ಪ್ರಕಾರಗಳು

ಇಷ್ಟೆಲ್ಲ ಉಪಾಯಗಳಿದ್ದೂ ಸಂಗ್ರಹಗಳು ಏಕೆ ನಾಶವಾದುವು? ಪ್ರಸಿದ್ಧವಾದ ಮೂರು ದೃಷ್ಟಾಂತಗಳನ್ನು ಪರಿಶೀಲಿಸೋಣ.

1998ರಲ್ಲಿ ಪಿಕ್ಸಾರ್ ಚಿತ್ರಶಾಲೆಯಲ್ಲಿ ಟಾಯ್ ಸ್ಟೋರಿ 2 ಎಂಬ ಚಿತ್ರ ಸಿದ್ಧವಾಗುತ್ತಿದ್ದಾಗ, ಒಂದು ತಪ್ಪು ಆಜ್ಞೆಯಿಂದ ಆ ಚಿತ್ರದ ಬಹುಭಾಗ ಕಡತಗಳು ಅಳಿಸಿಹೋದುವು. ರಕ್ಷಣೆಗಾಗಿ ಇಟ್ಟಿದ್ದ ಪ್ರತಿಯನ್ನು ತೆರೆದುನೋಡಲು, ಅದೂ ಸರಿಯಾಗಿ ದಾಖಲಾಗಿರಲಿಲ್ಲವೆಂದು ತಿಳಿದುಬಂತು. ಮಗುವಿನ ಜನನದ ಕಾರಣ ಮನೆಯಿಂದಲೇ ಕೆಲಸಮಾಡುತ್ತಿದ್ದ ಗೇಲಿನ್ ಸುಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಯ ಮನೆಯ ಗಣಕದಲ್ಲಿ ಇದ್ದ ಪ್ರತಿಯೇ ಚಿತ್ರವನ್ನು ಉಳಿಸಿತು. ಇಲ್ಲಿ ಎರಡು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದು, ಒಂದೇ ಯಂತ್ರದೊಳಗಿನ ಕನ್ನಡಿಯು ಮನುಷ್ಯನ ತಪ್ಪಿನಿಂದ ರಕ್ಷಿಸಲಾರದು. ಅಳಿಸೆಂಬ ಆಜ್ಞೆಯನ್ನು ಎರಡು ಡಿಸ್ಕುಗಳೂ ಸಮನಾಗಿ ಪಾಲಿಸುತ್ತವೆ. ಎರಡನೆಯದು, ತೆರೆದು ಪರೀಕ್ಷಿಸದ ಪ್ರತಿಯನ್ನು ಪ್ರತಿಯೆಂದು ಎಣಿಸಲಾಗದು.

1969ರಲ್ಲಿ ಮಾನವನು ಚಂದ್ರನ ಮೇಲೆ ಇಳಿದಾಗ ಅಲ್ಲಿಂದ ಬಂದ ದೂರದರ್ಶನ ಸಂಕೇತಗಳ ಮೂಲ ಮುದ್ರಣವಿದ್ದ ಸುರುಳಿಗಳನ್ನು ಅಮೆರಿಕದ ನಾಸಾ ಸಂಸ್ಥೆಯು ಬಹುಕಾಲ ಹುಡುಕಿತು. ಅವುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಲಾಗಿರಬೇಕೆಂದು 2009ರಲ್ಲಿ ಅದು ತೀರ್ಮಾನಿಸಬೇಕಾಯಿತು. ಪ್ರಸಾರದಲ್ಲಿ ಮುದ್ರಿತವಾದ ಪ್ರತಿಗಳು ಉಳಿದಿವೆ. ಉತ್ತಮವಾದ ಮೂಲ ಉಳಿಯಲಿಲ್ಲ. ಸುರುಳಿಯಲ್ಲಿರುವ ವಿಷಯ ಯಾವುದು, ಅದನ್ನು ಅಳಿಸಲು ಯಾರ ಅಪ್ಪಣೆ ಬೇಕು ಎಂಬುದು ನಿಶ್ಚಿತವಾಗಿಲ್ಲದಿದ್ದರೆ ಇಂತಹ ನಷ್ಟ ಸಂಭವಿಸುತ್ತದೆ. ನಮ್ಮ ನಾಡಿನಲ್ಲಿ ಇದ್ದಿಲು ಮತ್ತು ಹುಣಿಸೆಬೀಜದ ಅಂಟನ್ನು ಬಟ್ಟೆಗೆ ಲೇಪಿಸಿ, ಮಡಿಸಿ ಕಟ್ಟಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಕಡತವೆಂದು ಹೆಸರು. ಅದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಇಂದು ಡಿಸ್ಕಿನಲ್ಲಿರುವುದನ್ನೂ ನಾವು ಕಡತವೆಂದೇ ಕರೆಯುತ್ತೇವೆ. ಒರಸಿ ಬರೆಯಬಹುದೆಂಬ ಗುಣವೂ ಅಪಾಯವೂ ಎರಡರಲ್ಲಿಯೂ ಸಮಾನ.

ಮೂರನೆಯದು ಇಂಗ್ಲೆಂಡಿನದು. 1086ರ ಡೂಮ್ಸ್‌ಡೇ ಭೂದಾಖಲೆಯ ಒಂಬತ್ತು ಶತಮಾನಗಳ ಸ್ಮರಣಾರ್ಥ 1986ರಲ್ಲಿ ಬಿಬಿಸಿ ಸಂಸ್ಥೆಯು ಆ ದೇಶದ ಜನಜೀವನದ ಚಿತ್ರಗಳನ್ನೂ ಬರಹಗಳನ್ನೂ ಸಂಗ್ರಹಿಸಿ ಲೇಸರ್ ಡಿಸ್ಕುಗಳಲ್ಲಿ ಪ್ರಕಟಿಸಿತು. ಕೆಲವೇ ವರ್ಷಗಳಲ್ಲಿ ಆ ಡಿಸ್ಕನ್ನು ಓದುವ ಯಂತ್ರಗಳು ವಿರಳವಾದುವು. 2002ರ ವೇಳೆಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ಸಂಶೋಧಕರು ಹಳೆಯ ಯಂತ್ರದ ನಡೆಯನ್ನು ಹೊಸ ಗಣಕದಲ್ಲಿ ಅನುಕರಿಸಿ ಅದನ್ನು ಓದಬೇಕಾಯಿತು. ಚರ್ಮಪತ್ರದ ಮೇಲೆ ಬರೆದ 1086ರ ಮೂಲವನ್ನಾದರೋ ಇಂದಿಗೂ ಬಲ್ಲವರು ನೇರವಾಗಿ ಓದುತ್ತಾರೆ. ನಮ್ಮಲ್ಲಿಯೂ ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮುಂಚಿನ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿದ ಶಾಸನಪಾಠಗಳನ್ನು ತೆರೆದರೆ, ಹಳೆಯ ಅಕ್ಷರವಿನ್ಯಾಸ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಇಡುವ ಕಾರ್ಯವನ್ನು ಮುಂದೂಡತಕ್ಕದ್ದಲ್ಲ.

5. ಆಯ್ಕೆಯ ವಿಚಾರ

ಈಗ ಐದಾರು ಮಂದಿಯ ಒಂದು ವಿಭಾಗವು ಯಾವುದನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಮೊದಲು ಪ್ರಮಾಣವನ್ನು ಲೆಕ್ಕಹಾಕಬೇಕು. ಒಂದು ಮೂಲ ಛಾಯಾಚಿತ್ರಕ್ಕೆ 30 ಮೆಗಾಬೈಟುಗಳೆಂದು ಇಟ್ಟುಕೊಂಡರೆ 20,000 ಚಿತ್ರಗಳಿಗೆ 600 ಗಿಗಾಬೈಟು. ಉತ್ತಮ ಗುಣಮಟ್ಟದ ಧ್ವನಿಮುದ್ರಣವನ್ನು ಸಂಕುಚಿತಗೊಳಿಸದೆ ಇಟ್ಟರೆ ಗಂಟೆಗೆ ಸುಮಾರು 1 ಗಿಗಾಬೈಟು. 200 ಗಂಟೆಗಳಿಗೆ 200. ಸೆಕೆಂಡಿಗೆ 50 ಮೆಗಾಬಿಟ್ ದರದ ವಿಡಿಯೊ ಗಂಟೆಗೆ 22.5 ಗಿಗಾಬೈಟು, 50 ಗಂಟೆಗಳಿಗೆ 1,125. ಒಟ್ಟು 2 ಟೆರಾಬೈಟುಗಳಿಗೆ ಸ್ವಲ್ಪ ಕಡಿಮೆ. ಮುಂದಿನ ಐದು ವರ್ಷಗಳಲ್ಲಿ ಇದು ಮೂರು ಪಟ್ಟಾದೀತೆಂದು ಭಾವಿಸಿದರೂ 8 ಟೆರಾಬೈಟಿನ ಎರಡು ಡಿಸ್ಕುಗಳ ಕನ್ನಡಿಯು ಸಾಕಾಗುತ್ತದೆ. ವಿಡಿಯೊ ಹೆಚ್ಚಾಗಿರುವ ವಿಭಾಗಗಳು ನಾಲ್ಕು ಡಿಸ್ಕುಗಳ ಪೆಟ್ಟಿಗೆಯನ್ನು ಆರಿಸುವುದು ಯುಕ್ತ.

ಹೀಗೆ ಲೆಕ್ಕ ಹಾಕಿಕೊಂಡವರ ಮುಂದೆ ಮೂರು ಮಾರ್ಗಗಳಿವೆ. ಪ್ರತಿಯೊಬ್ಬರೂ ತಮ್ಮ ತಮ್ಮ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು ಒಂದು. ಇದಕ್ಕೆ ಹೊಸ ವೆಚ್ಚವಿಲ್ಲ, ಆದರೆ ವೀರಗಲ್ಲಿನ ಪ್ರಸಂಗ ಇದರ ಫಲ. ಕ್ಲೌಡ್ ಎಂದು ಕರೆಯುವ ಬಾಡಿಗೆಯ ಸಂಗ್ರಹ ಎರಡನೆಯದು. ಎಲ್ಲಿಂದಲಾದರೂ ಅದನ್ನು ತಲುಪಬಹುದು; ಯಂತ್ರವನ್ನು ನೋಡಿಕೊಳ್ಳುವ ಹೊಣೆ ನಮ್ಮದಲ್ಲ. ಆದರೆ ಬಾಡಿಗೆ ನಿಲ್ಲುವಂತಿಲ್ಲ. ಸಂಶೋಧನಾ ಯೋಜನೆಗೆ ಬಂದ ಅನುದಾನದ ಅವಧಿ ಮುಗಿದ ಮೇಲೆ ಆ ಹಣವನ್ನು ಯಾವ ಶೀರ್ಷಿಕೆಯಲ್ಲಿ ಕೊಡಬೇಕೆಂಬುದು ಕಾಲೇಜುಗಳಲ್ಲಿ ಬಗೆಹರಿಯದ ಪ್ರಶ್ನೆ. ದೊಡ್ಡ ವಿಡಿಯೊಗಳನ್ನು ಏರಿಸಿ ಇಳಿಸಲು ನಮ್ಮ ಅಂತರ್ಜಾಲ ಸಂಪರ್ಕಗಳು ಹಲವು ವೇಳೆ ಸಾಲುವುದಿಲ್ಲ. ವಿಭಾಗದಲ್ಲಿಯೇ ಇರುವ ನೆಟ್‌ವರ್ಕ್ ಸಂಗ್ರಹ ಮೂರನೆಯದು. ಒಮ್ಮೆ ಕೊಂಡರೆ ಬಹುಕಾಲ ನಡೆಯುತ್ತದೆ. ಕೆಲಸದ ವೇಗ ಹೆಚ್ಚು. ಯಾರಿಗೆ ಓದುವ ಅಧಿಕಾರ, ಯಾರಿಗೆ ಬರೆಯುವ ಅಧಿಕಾರವೆಂಬುದನ್ನು ನಾವೇ ನಿಯಮಿಸಬಹುದು. ಆದರೆ ಬೆಂಕಿ, ಕಳವು, ವಿದ್ಯುತ್ತಿನ ಏರುಪೇರು ಇವುಗಳಿಂದ ಕಾಪಾಡುವ ಹೊಣೆಯೂ ನಮ್ಮದೇ.

ನಮ್ಮ ಅಭಿಪ್ರಾಯದಲ್ಲಿ ನಿತ್ಯದ ಕೆಲಸಕ್ಕೆ ಮೂರನೆಯ ಮಾರ್ಗವೂ, ರಕ್ಷಣೆಯ ಪ್ರತಿಗಾಗಿ ಎರಡನೆಯದರ ಸಹಾಯವೂ ಸೇರುವುದು ಉತ್ತಮ. ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ಒಂದು ಸೂತ್ರವನ್ನು ಇಲ್ಲಿ ಸ್ಮರಿಸಬಹುದು: ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ ಒಂದು ಬೇರೊಂದು ಸ್ಥಳದಲ್ಲಿ. ಕನ್ನಡಿಯಾಗಿ ಜೋಡಿಸಿದ ಎರಡು ಡಿಸ್ಕುಗಳನ್ನು ಈ ಲೆಕ್ಕದಲ್ಲಿ ಒಂದೇ ಪ್ರತಿಯೆಂದು ಎಣಿಸಬೇಕು.

ಕೆಲವು ಸಣ್ಣ ಸಂಗತಿಗಳೂ ಮುಖ್ಯವಾದುವೇ. ಪೆಟ್ಟಿಗೆಯನ್ನು ತಂತಿಯಿಂದಲೇ ಜೋಡಿಸಬೇಕು. ಗಿಗಾಬಿಟ್ ತಂತಿಯಲ್ಲಿ 1 ಟೆರಾಬೈಟನ್ನು ಸುಮಾರು ಎರಡೂವರೆ ಗಂಟೆಗಳಲ್ಲಿ ನಕಲು ಮಾಡಬಹುದು. ಹಳೆಯ 100 ಮೆಗಾಬಿಟ್ಟಿನ ಸಂಪರ್ಕದಲ್ಲಿ ಅದಕ್ಕೆ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ. ವಿದ್ಯುತ್ತು ಹಠಾತ್ತನೆ ನಿಂತರೆ ಬರೆಯುತ್ತಿದ್ದ ಕಡತ ಕೆಡುವುದರಿಂದ ಯುಪಿಎಸ್ ಅವಶ್ಯಕ. ಪೆಟ್ಟಿಗೆಯನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡಬಾರದು. ಕಡತಗಳನ್ನು ಬೀಗಹಾಕಿ ಹಣ ಕೇಳುವ ದುಷ್ಟ ತಂತ್ರಾಂಶಗಳು ಇಂತಹ ಪೆಟ್ಟಿಗೆಗಳನ್ನೂ ಹೊಕ್ಕಿರುವುದುಂಟು. ಹಿಂದಿನ ದಿನದ ಸ್ಥಿತಿಯನ್ನು ಕಾದಿಡುವ, ಸ್ನ್ಯಾಪ್‌ಷಾಟ್ ಎಂದು ಕರೆಯುವ ಸೌಕರ್ಯವೂ, ತಾಳೆಸಂಖ್ಯೆಯ ಪರೀಕ್ಷೆಯೂ ಇರುವ ಪೆಟ್ಟಿಗೆಯನ್ನೇ ಆರಿಸುವುದು ಲೇಸು. ಅಳಿಸುವ ಅಧಿಕಾರವನ್ನು ಇಬ್ಬರಿಗಿಂತ ಹೆಚ್ಚು ಮಂದಿಗೆ ಕೊಡತಕ್ಕದ್ದಲ್ಲ.

6. ಜೋಡಣೆಯ ಕ್ರಮ

ಯಂತ್ರ ಬಂದ ಮೇಲೆ ನಿಜವಾದ ಕಾರ್ಯ ಆರಂಭವಾಗುತ್ತದೆ. ಮುಲರ್, ಫೇಯ್ತ್, ಫ್ರಾಯ್ನ್ ಎಂಬ ಮೂವರು ಡಚ್ ವಿದ್ವಾಂಸರು 1898ರಲ್ಲಿ ಪ್ರಕಟಿಸಿದ ಪತ್ರಾಗಾರ ಕೈಪಿಡಿಯು ಒಂದು ತತ್ತ್ವವನ್ನು ಖಚಿತಪಡಿಸಿತು. ಒಬ್ಬ ವ್ಯಕ್ತಿಯಿಂದ ಅಥವಾ ಒಂದು ಕಚೇರಿಯಿಂದ ಬಂದ ದಾಖಲೆಗಳನ್ನು ಬೇರೆಯವುಗಳೊಡನೆ ಬೆರೆಸಬಾರದು. ಅವುಗಳ ಮೂಲಕ್ರಮವನ್ನು ಕೆಡಿಸಬಾರದು. ವಿಷಯಾನುಸಾರ ಜೋಡಿಸುವ ಆಸೆ ಎಲ್ಲರಿಗೂ ಸಹಜ. ವೀರಗಲ್ಲುಗಳೆಲ್ಲ ಒಂದು ಕಡೆ, ದಾನಶಾಸನಗಳೆಲ್ಲ ಒಂದು ಕಡೆ ಎಂದು ಕಡತಗಳನ್ನು ಸರಿಸಿದರೆ ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ಯಾವ ದಿನ, ಯಾವ ದಾರಿಯಲ್ಲಿ, ಯಾವುದರ ಬಳಿಕ ಯಾವುದನ್ನು ನೋಡಿದರೆಂಬ ಸಾಕ್ಷ್ಯ ಅಲ್ಲಿಗೇ ಅಳಿದುಹೋಗುತ್ತದೆ. ವಿಷಯದ ವಿಂಗಡಣೆ ಇರತಕ್ಕದ್ದು ಸೂಚಿಯಲ್ಲಿ. ಕಡತಗಳನ್ನು ಬಂದ ಕ್ರಮದಲ್ಲಿಯೇ ಬಿಡಬೇಕು.

ಆದುದರಿಂದ ನಾವು ಅನುಸರಿಸಿದ ಪದ್ಧತಿ ಹೀಗಿದೆ. ಸಂಗ್ರಹಿಸಿದವರ ಹೆಸರಿಗೆ ಒಂದು ಕೋಶ, ಅದರೊಳಗೆ ಪ್ರತಿಯೊಂದು ಕ್ಷೇತ್ರಯಾತ್ರೆಗೂ ಒಂದು ಕೋಶ. ಯಾತ್ರೆಯ ಕೋಶದ ಹೆಸರು ದಿನಾಂಕದಿಂದ ಆರಂಭವಾಗುತ್ತದೆ. ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ ಬರೆದರೆ ಗಣಕವು ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ದಿನಾಂಕದ ಬಳಿಕ ರೈಸರ ರೀತಿಯಲ್ಲಿ ತಾಲ್ಲೂಕಿನ ಸಂಕೇತ, ಊರು, ಅನುಕ್ರಮಸಂಖ್ಯೆ. ಕ್ಯಾಮೆರಾ ಕೊಟ್ಟ ಹಳೆಯ ಅಂಕೆಯನ್ನು ನರಸಿಂಹಾಚಾರ್ಯರಂತೆ ಸೂಚಿಯ ಪಕ್ಕದ ಅಂಕಣದಲ್ಲಿ ಉಳಿಸಿಕೊಳ್ಳುತ್ತೇವೆ. ಸೂಚಿಯು ಯೂನಿಕೋಡ್ ಕನ್ನಡದಲ್ಲಿ ಬರೆದ ಸರಳ ಕೋಷ್ಟಕ. ಊರು, ಹೋಬಳಿ, ವಸ್ತು, ತೆಗೆದವರು, ದಿನಾಂಕ, ಧ್ವನಿಮುದ್ರಣವಾದರೆ ಮಾತನಾಡಿದವರ ಒಪ್ಪಿಗೆ, ಬಳಕೆಯ ನಿರ್ಬಂಧ ಇವು ಅದರ ಅಂಕಣಗಳು. ವರ್ಷಕ್ಕೊಮ್ಮೆ ಅದನ್ನು ಕಾಗದದಲ್ಲಿ ಮುದ್ರಿಸಿ ವಿಭಾಗದ ಬೀರುವಿನಲ್ಲಿಯೂ ಇಡುತ್ತೇವೆ. ಮೂರು ತಿಂಗಳಿಗೊಮ್ಮೆ ರಕ್ಷಣೆಯ ಪ್ರತಿಯಿಂದ ಹತ್ತು ಕಡತಗಳನ್ನು ಆರಿಸಿ, ತೆರೆದುನೋಡಿ, ಪುಸ್ತಕದಲ್ಲಿ ಸಹಿಮಾಡುವುದು ಇಬ್ಬರು ಅಧ್ಯಾಪಕರ ಕರ್ತವ್ಯ. ಒಬ್ಬರು ವರ್ಗವಾದರೆ ಮತ್ತೊಬ್ಬರು ಇರುತ್ತಾರೆಂಬ ಕಾರಣದಿಂದ ಈ ಹೊಣೆಯನ್ನು ಇಬ್ಬರಿಗೆ ವಹಿಸಲಾಗಿದೆ.

7. ಸಮಾರೋಪ

ಪೆಟ್ಟಿಗೆಯನ್ನು ಜೋಡಿಸಿ ಚಾಲನೆಗೊಳಿಸಲು ನಮಗೆ ಒಂದು ಮಧ್ಯಾಹ್ನ ಸಾಕಾಯಿತು. ಸೂಚಿಯ ಕಾರ್ಯ ಒಂದು ವರ್ಷ ಕಳೆದರೂ ಮುಗಿದಿಲ್ಲ. ಈ ಎರಡು ಅವಧಿಗಳ ನಡುವಣ ಅಂತರವೇ, ಯಂತ್ರದ ಆಯ್ಕೆ ಎರಡನೆಯ ಪ್ರಶ್ನೆಯೆಂಬ ನಮ್ಮ ಮಾತಿಗೆ ಸಾಕಷ್ಟು ಆಧಾರವೆಂದು ಭಾವಿಸುತ್ತೇವೆ.

ಕೊನೆಯದಾಗಿ ವೀರಗಲ್ಲಿನ ವಿಚಾರ. ಹಿರಿಯರ ಡಿಸ್ಕಿನ ಕಡತಗಳನ್ನು ಮೂಲಕ್ರಮದಲ್ಲಿಯೇ ಉಳಿಸಿ ಸೂಚಿಗೆ ಸೇರಿಸುತ್ತಿದ್ದಾಗ, ಆ ಎಂಟು ಚಿತ್ರಗಳಿಗಿಂತ ಹದಿನಾಲ್ಕು ಅಂಕೆಗಳ ಹಿಂದೆ ಒಂದು ಗುಡಿಯ ಚಿತ್ರವಿರುವುದು ಕಂಡುಬಂತು. ಬಾಗಿಲವಾಡದ ಕೆತ್ತನೆಯಿಂದ ಆ ಗುಡಿಯನ್ನು ನಮ್ಮ ಸಹೋದ್ಯೋಗಿಯೊಬ್ಬರು ಗುರುತಿಸಿದರು. ಅಂಕೆಗಳು ಅವಿಚ್ಛಿನ್ನವಾಗಿರುವುದರಿಂದ ವೀರಗಲ್ಲು ಆ ಗುಡಿಯ ಊರಿನಿಂದ ಮುಂದೆ ಹೋಗುವ ದಾರಿಯಲ್ಲಿ, ಅದೇ ದಿನ ಕಂಡುದಾಗಿರಬೇಕು. ಈಗ ಹುಡುಕಬೇಕಾದುದು ಒಂದು ಹೋಬಳಿಯೊಳಗಿನ ಕೆಲವೇ ಊರುಗಳಲ್ಲಿ. ಊರು ಇನ್ನೂ ಖಚಿತವಾಗಿಲ್ಲ. ಮುಂದಿನ ಬೇಸಗೆಯ ರಜೆಯಲ್ಲಿ ಅಲ್ಲಿನ ಹಿರಿಯರನ್ನು ಕಂಡು ಕೇಳಬೇಕೆಂದಿದ್ದೇವೆ. ವೀರಗಲ್ಲುಗಳನ್ನೆಲ್ಲ ಪ್ರತ್ಯೇಕ ಕೋಶಕ್ಕೆ ಸರಿಸಿ ಹೊಸ ಹೆಸರುಗಳನ್ನು ಕೊಟ್ಟಿದ್ದರೆ ಈ ಸುಳಿವೂ ನಮಗೆ ದೊರೆಯುತ್ತಿರಲಿಲ್ಲ.

ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಯಂತ್ರವನ್ನು ಕೊಳ್ಳುವ ಹಣ ಒದಗುವವರೆಗೆ ಕಾಯದೆ, ತಮ್ಮಲ್ಲಿರುವ ಚಿತ್ರಗಳಿಗೂ ಧ್ವನಿಮುದ್ರಣಗಳಿಗೂ ಊರು ಮತ್ತು ದಿನಾಂಕವನ್ನು ಈ ವಾರವೇ ಬರೆದಿಡಲಿ. ನೆನಪಿರುವವರು ನಮ್ಮ ನಡುವೆ ಇರುವಾಗಲೇ ಈ ಕಾರ್ಯ ನಡೆಯಬೇಕಾಗಿದೆ.